ಮನೆ ಖಾಲಿ ಮಾಡಿ ಎಂದಿದ್ದಾರೆ, ಮಕ್ಕಳನ್ನು ಕರೆದುಕೊಂಡು ಎಲ್ಲಿಗೆ ಹೋಗಲಿ?

ಪ್ರಶ್ನೆ: ಮೈಸೂರಿನ ಕ್ಯಾತಮಾರನಹಳ್ಳಿಯ ಒಂದು ವಠಾರದಲ್ಲಿ ಏಳು ವರ್ಷದಿಂದ ಬಾಡಿಗೆಗೆ ಇದ್ದೇನೆ. ಎರಡು ವರ್ಷದ ಹಿಂದೆ ಯಜಮಾನರು ನಮ್ಮನ್ನು ಬಿಟ್ಟು ಹೋದರು. ವಿಚ್ಛೇದನ ಆಗಿಲ್ಲ. ಹದಿಮೂರು ವರ್ಷದ ಮಗ, ಎಂಟು ವರ್ಷದ ಮಗಳು ನನ್ನ ಜೊತೆಗಿದ್ದಾರೆ. ನರ್ಸಿಂಗ್ ಹೋಂ ಒಂದರಲ್ಲಿ ಆಯಾ ಕೆಲಸ, ಸಂಬಳ ಏಳೂವರೆ ಸಾವಿರ. ಬಾಡಿಗೆ ನಾಲ್ಕೂವರೆ ಸಾವಿರ. ಮಗಳಿಗೆ ಕಾಯಿಲೆಯಾಗಿ ಎರಡು ತಿಂಗಳ ಬಾಡಿಗೆ ಬಾಕಿ ಉಳಿದಿದೆ. ತಮ್ಮ ಮಗನ ಮದುವೆ ಇದೆ, ತಿಂಗಳ ಕೊನೆಗೆ ಖಾಲಿ ಮಾಡಿ, ಇಲ್ಲದಿದ್ದರೆ ಬೀಗ ಹಾಕುತ್ತೇನೆ ಎಂದು ಮಾಲೀಕರು ಬಾಯಿಮಾತಿನಲ್ಲಿ ಹೇಳಿದ್ದಾರೆ. ಕರಾರು ಪತ್ರ ಯಜಮಾನರ ಹೆಸರಿನಲ್ಲಿದೆ, ಅದರ ಅವಧಿ ಎಂದೋ ಮುಗಿದಿದೆ. ಅಡ್ವಾನ್ಸ್ ಮೂವತ್ತು ಸಾವಿರವನ್ನು ಅವರಿಗೇ ಕೊಡುತ್ತಾರಂತೆ. ಬೇರೆ ಮನೆ ಕೇಳಲು ಹೋದರೆ ‘ಯಜಮಾನರು ಎಲ್ಲಿ’ ಎನ್ನುತ್ತಾರೆ, ಆಮೇಲೆ ಮನೆ ಕೊಟ್ಟಾಯಿತು ಎನ್ನುತ್ತಾರೆ. ಮದ್ದೂರಿನ ಹತ್ತಿರ ಊರಿನಲ್ಲಿರುವ ಅಣ್ಣ ಬಾ ಎನ್ನುತ್ತಾನೆ, ಆದರೆ ಅಪ್ಪನ ಜಮೀನಿನ ಹಕ್ಕು ಬಿಟ್ಟು ಸಹಿ ಹಾಕಬೇಕಂತೆ. ಆಶ್ರಯ ಕೇಂದ್ರಕ್ಕೆ ಹೋದರೆ ಮಕ್ಕಳನ್ನು ಕಿತ್ತುಕೊಳ್ಳುತ್ತಾರೆ ಎಂದು ಪಕ್ಕದ ಮನೆಯವರು ಹೆದರಿಸಿದ್ದಾರೆ. ಇಪ್ಪತ್ತೈದು ಸಾವಿರ ಕೊಟ್ಟರೆ ಸರ್ಕಾರಿ ಮನೆ ಮಾಡಿಸಿಕೊಡುತ್ತೇನೆ ಎಂದು ಒಬ್ಬರು ಹೇಳುತ್ತಿದ್ದಾರೆ. ಏನು ಮಾಡಬೇಕೋ ತಿಳಿಯುತ್ತಿಲ್ಲ ಮೇಡಂ.
– ಹೆಸರು ಬೇಡ, ಮೈಸೂರು

ಉತ್ತರ: ತಿಂಗಳ ಕೊನೆಯ ದಿನ ಮಕ್ಕಳ ಕೈ ಹಿಡಿದು ಬೀದಿಯಲ್ಲಿ ನಿಲ್ಲಬೇಕಾಗುತ್ತದೆ ಎಂಬುದು ನಿಮ್ಮ ಭಯ. ಅದಕ್ಕೇ ಹೊಸ ಮನೆ, ಅಣ್ಣನ ಮನೆ, ಆಶ್ರಯ ಕೇಂದ್ರ, ಸರ್ಕಾರಿ ಮನೆ ಎಲ್ಲವನ್ನೂ ಒಂದೇ ಉಸಿರಿಗೆ ಕೇಳಿದ್ದೀರಿ. ಮೈಸೂರಿನ ನ್ಯಾಯಾಲಯಗಳಲ್ಲಿ ಕೌಟುಂಬಿಕ ಪ್ರಕರಣಗಳನ್ನು ನಡೆಸುವ ವಕೀಲೆಯಾಗಿ ನಾನು ಮೊದಲು ಹೇಳುವುದು ಇಷ್ಟು: ಈಗ ಇರುವ ಮನೆಯಿಂದ ಕಾಲು ಹೊರಗಿಡಬೇಡಿ. ಮನೆ ಕಳೆದುಕೊಂಡು ನಮ್ಮ ಬಳಿಗೆ ಬರುವ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರನ್ನು ಯಾವ ನ್ಯಾಯಾಲಯವೂ ಹೊರಗೆ ಹಾಕಿರುವುದಿಲ್ಲ. ಮಾಲೀಕರು ಗದರಿದಾಗ, ನೆರೆಹೊರೆಯವರ ಮುಂದೆ ಮರ್ಯಾದೆ ಹೋದೀತು ಎಂದು ತಾವೇ ಪಾತ್ರೆ ಪಡಗ ಕಟ್ಟಿಕೊಂಡು ಹೊರಟಿರುತ್ತಾರೆ. ಹಾಗೆ ಹೊರಟ ಮೇಲೆ ಕಾನೂನು ಕೊಡಬಹುದಾಗಿದ್ದ ಸಮಯವೂ ಅಡ್ವಾನ್ಸ್ ಹಣದ ಮೇಲಿನ ಹಿಡಿತವೂ ಕೈಜಾರುತ್ತವೆ.

ಕರಾರಿನ ಅವಧಿ ಮುಗಿದರೆ ಹಕ್ಕೂ ಮುಗಿಯಿತು ಎಂಬುದು ನಮ್ಮಲ್ಲಿ ಬಹಳ ಜನರ ನಂಬಿಕೆ. ಅದು ಸರಿಯಲ್ಲ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಕರಾರನ್ನು ನೋಂದಣಿ ಮಾಡಿಸಬೇಕಾಗುತ್ತದೆ. ಆ ಖರ್ಚು ಬೇಡ ಎಂದು ಎಲ್ಲರೂ ಹನ್ನೊಂದು ತಿಂಗಳಿಗೆ ಬರೆಸುತ್ತಾರೆ, ಅಷ್ಟೆ. ಅವಧಿ ಮುಗಿದ ಮೇಲೂ ಮಾಲೀಕರು ಬಾಡಿಗೆ ತೆಗೆದುಕೊಳ್ಳುತ್ತಾ ಬಂದಿದ್ದರೆ ಬಾಡಿಗೆದಾರಿಕೆ ತಿಂಗಳಿಂದ ತಿಂಗಳಿಗೆ ಮುಂದುವರಿದಿದೆ ಎಂದೇ ಅರ್ಥ. ನಿಮ್ಮ ಬಾಡಿಗೆ ಮೂರೂವರೆ ಸಾವಿರ ದಾಟಿರುವುದರಿಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ ಸಿಗುವುದಿಲ್ಲ. ಆದರೆ 1882ರ ಸ್ವತ್ತು ವರ್ಗಾವಣೆ ಕಾಯ್ದೆ ಇದೆ. ಅದರ 106ನೇ ಸೆಕ್ಷನ್ ಪ್ರಕಾರ ಮಾಲೀಕರು 15 ದಿನಗಳ ನೋಟಿಸನ್ನು ಬರಹದಲ್ಲಿ ಕೊಡಬೇಕು. ಅದಾದ ಮೇಲೂ ನೀವು ಬಿಡದಿದ್ದರೆ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿ ಆದೇಶ ಪಡೆಯಬೇಕು. ಬೀಗ ಹಾಕುವುದು, ನೀರು ನಿಲ್ಲಿಸುವುದು, ಸಾಮಾನು ಹೊರಗೆ ಎಸೆಯುವುದು ಇವು ಯಾವುವೂ ಅವರ ಹಕ್ಕಲ್ಲ. ಹಾಗೇನಾದರೂ ಆದರೆ ಆ ಕ್ಷಣವೇ ಪೊಲೀಸ್ ಸಹಾಯವಾಣಿ 112ಕ್ಕೆ ಕರೆ ಮಾಡಿ, ಬೀಗದ ಫೋಟೊ ತೆಗೆದಿಟ್ಟುಕೊಳ್ಳಿ. ಬಲವಂತವಾಗಿ ಹೊರಗೆ ಹಾಕಿದರೆ ಆರು ತಿಂಗಳೊಳಗೆ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಅಡಿ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಬಹುದು. ಪೊಲೀಸರು ‘ಇದು ಸಿವಿಲ್ ವಿಷಯ’ ಎಂದು ಹೇಳಬಹುದು. ಹಾಗಾದರೆ ಮನೆ ಖಾಲಿ ಮಾಡಿಸುವುದೂ ಅವರ ಕೆಲಸವಲ್ಲ.

ಕರಾರು ಗಂಡನ ಹೆಸರಿನಲ್ಲಿದೆ ಎಂಬುದಕ್ಕೂ ಹೆದರಬೇಡಿ. 2005ರಲ್ಲಿ ನಮ್ಮ ಕರ್ನಾಟಕದ ಪ್ರಕರಣವೊಂದರಲ್ಲೇ, ಅಚಲಾ ಆನಂದ್ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಈ ಪ್ರಶ್ನೆಯನ್ನು ನೋಡಿದೆ. ಗಂಡ ಬಿಟ್ಟುಹೋದ ಹೆಂಡತಿ ಅದೇ ಬಾಡಿಗೆ ಮನೆಯಲ್ಲಿ ಉಳಿದಿದ್ದರೆ, ಬಾಡಿಗೆದಾರನಾಗಿ ಗಂಡ ಎತ್ತಬಹುದಾಗಿದ್ದ ವಾದಗಳನ್ನು ಅವಳೂ ಎತ್ತಬಹುದು ಎಂದಿದೆ. ಅವನಿಗಿಂತ ಹೆಚ್ಚಿನ ಹಕ್ಕು ಅವಳಿಗೆ ಬರುವುದಿಲ್ಲ, ಬಾಡಿಗೆಯನ್ನು ಕಟ್ಟಲೇಬೇಕು. ಇದರಲ್ಲಿ ಇನ್ನೊಂದು ಎಚ್ಚರಿಕೆಯೂ ಇದೆ. ವಿಚ್ಛೇದನವಾದರೆ ಈ ಹಕ್ಕು ಅಲ್ಲಿಗೆ ಮುಗಿಯುತ್ತದೆ. ಆದ್ದರಿಂದ ‘ಒಂದು ಸಹಿ ಹಾಕಿಬಿಡು, ನಿನ್ನ ದಾರಿ ನಿನಗೆ, ನನ್ನ ದಾರಿ ನನಗೆ’ ಎಂದು ಗಂಡನ ಕಡೆಯವರು ಕಾಗದ ತಂದರೆ, ಉಳಿಯುವ ಮನೆಯ ಏರ್ಪಾಡು ಅದರಲ್ಲಿ ಬರೆದಿಲ್ಲದೆ ಸಹಿ ಹಾಕಬೇಡಿ.

ಮಾಲೀಕರ ಕಡೆಯಿಂದಲೂ ನೋಡೋಣ. ಮನೆ ಅವರದು, ಮಗನ ಮದುವೆ ನಿಜವೇ ಇರಬಹುದು, ಎರಡು ತಿಂಗಳ ಬಾಡಿಗೆ ಬಂದಿಲ್ಲ. ದಾವೆ ಹೂಡಿದರೆ ಅವರು ಒಂದು ದಿನ ಗೆಲ್ಲುತ್ತಾರೆ, ಬಾಕಿ ಬಾಡಿಗೆಯ ಜೊತೆಗೆ ಖರ್ಚನ್ನೂ ನಿಮ್ಮ ಮೇಲೆ ಹಾಕಿಸಬಹುದು. ಜಗಳಕ್ಕೆ ಬಿದ್ದು ವರ್ಷಗಟ್ಟಲೆ ಅಲ್ಲೇ ಕೂರಿ ಎಂದು ನಾನು ಹೇಳುವುದಿಲ್ಲ. ನಿಮಗೆ ಬೇಕಾಗಿರುವುದು ಮೂರು ತಿಂಗಳು. ಆ ಮೂರು ತಿಂಗಳು ನಿಮ್ಮ ಅಡ್ವಾನ್ಸ್ ಹಣದಲ್ಲೇ ಇದೆ.

ಲೆಕ್ಕ ನೋಡಿ. ಅಡ್ವಾನ್ಸ್ 30,000. ಎರಡು ತಿಂಗಳ ಬಾಕಿ 9,000 ಕಳೆದರೆ 21,000 ಉಳಿಯುತ್ತದೆ. ಇನ್ನು ಮೂರು ತಿಂಗಳ ಬಾಡಿಗೆ 13,500 ಅದರಲ್ಲೇ ಕಳೆದರೆ 7,500. ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿಯುವುದು ರೂಢಿ. ಅದನ್ನೂ ಬಿಟ್ಟರೆ 3,000 ನಿಮ್ಮ ಕೈಗೆ ಬರಬೇಕು. ಈ ಮೂರು ತಿಂಗಳು ಬಾಡಿಗೆಗೆಂದು ಎತ್ತಿಡುತ್ತಿದ್ದ 13,500 ಹೊಸ ಮನೆಯ ಅಡ್ವಾನ್ಸಿಗೆ ಉಳಿಯುತ್ತದೆ. ಅಡ್ವಾನ್ಸ್ ಗಂಡನಿಗೇ ಕೊಡುತ್ತೇನೆ ಎನ್ನುವುದರ ಹಿಂದೆ ಮಾಲೀಕರಿಗೂ ಒಂದು ಅಂಜಿಕೆ ಇರುತ್ತದೆ: ನಾಳೆ ಗಂಡ ಬಂದು ನನ್ನ ದುಡ್ಡು ಎಲ್ಲಿ ಎಂದರೆ? ಆ ಹಣ ಅದೇ ಮನೆಯ, ಅದೇ ಕರಾರಿನ ಬಾಡಿಗೆಗೆ ವಜಾ ಆದರೆ ಆ ಪ್ರಶ್ನೆಗೆ ಅವರ ಬಳಿ ಉತ್ತರ ಇರುತ್ತದೆ. ಒಬ್ಬರೇ ಹೋಗಬೇಡಿ. ವಠಾರದ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ, ಸಮಾಧಾನವಾಗಿ ಈ ಲೆಕ್ಕ ಮುಂದಿಡಿ. ಒಪ್ಪಿದರೆ ಒಂದು ಹಾಳೆಯಲ್ಲಿ ಬರೆಸಿ: ಬಾಕಿ ಇಷ್ಟು, ಅಡ್ವಾನ್ಸಿನಲ್ಲಿ ವಜಾ ಇಷ್ಟು, ಖಾಲಿ ಮಾಡುವ ದಿನಾಂಕ ಇಂಥದು, ಬೀಗದ ಕೈ ಕೊಡುವ ದಿನವೇ ಉಳಿಕೆ ಹಣ. ಇಬ್ಬರ ಸಹಿ, ಇಬ್ಬರು ಸಾಕ್ಷಿಗಳು. ಒಪ್ಪದಿದ್ದರೆ ಮುಂದಿನ ಬಾಡಿಗೆಯನ್ನು ಕೈಯಲ್ಲಿ ಕೊಡದೆ ಅವರ ಬ್ಯಾಂಕ್ ಖಾತೆಗೆ ಅಥವಾ ಫೋನ್‌ಪೇ ಮೂಲಕ ಹಾಕಿ, ಯಾವ ತಿಂಗಳ ಬಾಡಿಗೆ ಎಂದು ಅದರಲ್ಲೇ ನಮೂದಿಸಿ. ಬಾಡಿಗೆ ಬಾಕಿಯೇ ನಿಮ್ಮ ಪ್ರಕರಣದ ದುರ್ಬಲ ಜಾಗ, ಅದನ್ನು ಬೆಳೆಯಗೊಡಬೇಡಿ.

ಇಷ್ಟು ಹೊತ್ತೂ ನಿಮ್ಮ ಮಾತೇ ಆಯಿತು. ಮಕ್ಕಳಿಗೆ ಅಪ್ಪನೊಬ್ಬ ಇದ್ದಾನಲ್ಲ? ನಿಮ್ಮ ಪತ್ರದಲ್ಲಿ ಅವರ ಹೊಣೆಯ ಬಗ್ಗೆ ಒಂದು ಸಾಲೂ ಇಲ್ಲ. ‘ಹೊಡೆದರೆ ಮಾತ್ರ ದೌರ್ಜನ್ಯ’ ಎಂದು ತಿಳಿದಿರುವವರೇ ಹೆಚ್ಚು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 3ನೇ ಸೆಕ್ಷನ್ ಆರ್ಥಿಕ ದೌರ್ಜನ್ಯವನ್ನೂ ಸೇರಿಸಿದೆ. ವಾಸದ ಮನೆಯ ಬಾಡಿಗೆ ಕಟ್ಟದೆ ಕೈಬಿಡುವುದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. 19ನೇ ಸೆಕ್ಷನ್ ಅಡಿ ಮ್ಯಾಜಿಸ್ಟ್ರೇಟರು ಗಂಡನಿಗೆ ಅದೇ ಮಟ್ಟದ ಬೇರೆ ಮನೆ ಒದಗಿಸು ಅಥವಾ ಬಾಡಿಗೆ ಕೊಡು ಎಂದು ಆದೇಶಿಸಬಹುದು. 23ನೇ ಸೆಕ್ಷನ್ ಅಡಿ ಮಧ್ಯಂತರ ಆದೇಶವನ್ನೂ ಕೇಳಬಹುದು. ಅರ್ಜಿ ಕೊಡಲು ವಕೀಲರೇ ಬೇಕೆಂದಿಲ್ಲ. ಈ ಕಾಯ್ದೆಯಡಿ ಅರ್ಜಿ ಹಾಕಲು ನೆರವಾಗುವ ಸಂರಕ್ಷಣಾಧಿಕಾರಿ ನಮ್ಮಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರೇ; ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಅವರ ಕಚೇರಿಯ ದಾರಿ ಹೇಳುತ್ತಾರೆ. ಜೀವನಾಂಶಕ್ಕೆ ಬೇರೆ ಅರ್ಜಿಯೂ ಇದೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 125ನೇ ಸೆಕ್ಷನ್ ಎನ್ನುತ್ತಿದ್ದರು, 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕಕ್ಕೆ ಬರಬೇಕು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ತಡ ಮಾಡಿದ ಒಂದೊಂದು ತಿಂಗಳೂ ನಿಮಗೆ ನಷ್ಟ.

ಆದೇಶ ಬಂದ ಕೂಡಲೇ ಹಣ ಬಂದುಬಿಡುತ್ತದೆ ಎಂದು ಮಾತ್ರ ನಂಬಬೇಡಿ. ಗಂಡ ಎಲ್ಲಿದ್ದಾರೆ, ಏನು ಕೆಲಸ, ಯಾರು ಸಂಬಳ ಕೊಡುತ್ತಾರೆ ಎಂಬುದು ಗೊತ್ತಿದ್ದರೆ ವಸೂಲಿ ಸಾಧ್ಯ. ದಿನಗೂಲಿ ಮಾಡುತ್ತಾ ಊರೂರು ತಿರುಗುವವರಿಂದ ವಸೂಲಿ ಬಹಳ ಕಷ್ಟ. ಅವರ ಈಗಿನ ವಿಳಾಸ, ಕೆಲಸದ ಜಾಗ, ವಾಹನದ ಸಂಖ್ಯೆ, ಏನು ತಿಳಿದಿದ್ದರೂ ಬರೆದಿಟ್ಟುಕೊಳ್ಳಿ. ಮುಂದಿನ ಮನೆಯ ಬಾಡಿಗೆಯನ್ನು ಈ ಹಣ ನೆಚ್ಚಿಕೊಂಡು ಒಪ್ಪಬೇಡಿ.

ಇನ್ನು ಅಣ್ಣನ ವಿಷಯ. ತವರಿಗೆ ಹೋಗುವುದು ಬೇಡ ಎಂದು ನಾನು ಹೇಳಲಾರೆ. ಮಕ್ಕಳಿಗೆ ಊಟ ಇದೆ, ತಲೆಯ ಮೇಲೆ ಸೂರು ಇದೆ, ನಿಮ್ಮವರು ಎನ್ನುವವರಿದ್ದಾರೆ. ಮಗನ ಶಾಲೆಯ ಚಿಂತೆಯೂ ಬೇಡ; ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಎಂಟನೇ ತರಗತಿಯವರೆಗೆ ವರ್ಗಾವಣೆ ಪತ್ರ ತಡವಾಯಿತು ಎಂದು ಪ್ರವೇಶ ನಿರಾಕರಿಸುವಂತಿಲ್ಲ. ಆದರೆ ಆ ಸಹಿ ಮಾತ್ರ ಬೇಡ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಹೆಣ್ಣುಮಕ್ಕಳ ಹಕ್ಕು ಬಿಡುಗಡೆ ಪತ್ರಗಳನ್ನು ಸಾಕಷ್ಟು ಓದಿದ್ದೇನೆ. ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಸಾಲುಗಳು: ‘ನನ್ನ ಮದುವೆಯ ಕಾಲದಲ್ಲಿ ಚಿನ್ನ, ಬಟ್ಟೆ, ಖರ್ಚು ಎಲ್ಲವನ್ನೂ ಮಾಡಿರುವುದರಿಂದ, ಸ್ವಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ...’. ಬೆಳಿಗ್ಗೆ ಕಾರಿನಲ್ಲಿ ಕರೆದುಕೊಂಡು ಹೋಗುತ್ತಾರೆ, ಉಪನೋಂದಣಾಧಿಕಾರಿ ಕಚೇರಿಯಲ್ಲಿ ಫೋಟೊ, ಹೆಬ್ಬೆರಳಿನ ಗುರುತು, ಆಮೇಲೆ ಹೋಟೆಲಿನಲ್ಲಿ ತಿಂಡಿ, ಒಂದು ಸೀರೆ. ಆ ಕಾಗದವನ್ನು ಓದಿ ಹೇಳುವವರು ಯಾರೂ ಇರುವುದಿಲ್ಲ. ನೋಂದಣಿಯಾದ ಪತ್ರವನ್ನು ಆಮೇಲೆ ರದ್ದು ಮಾಡಿಸಬೇಕಾದರೆ ಮೋಸ ಅಥವಾ ಬಲವಂತ ನಡೆಯಿತು ಎಂದು ನೀವೇ ಸಾಬೀತು ಮಾಡಬೇಕು, ಅದು ಸುಲಭವಲ್ಲ.

2005ರ ತಿದ್ದುಪಡಿಯ ನಂತರ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲಿದೆ. ಅಪ್ಪ ಯಾವಾಗ ತೀರಿಕೊಂಡರು ಎಂಬುದು ಮುಖ್ಯವಲ್ಲ ಎಂದು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಣಿಯಾದ ವಿಭಾಗ ಪತ್ರ ಇದ್ದರೆ ಮಾತು ಬೇರೆ. ಜಮೀನು ಅಪ್ಪನ ಸ್ವಯಾರ್ಜಿತವಾಗಿದ್ದು, ಅವರು ಉಯಿಲು ಬರೆಯದೆ ತೀರಿಕೊಂಡಿದ್ದರೆ ಆಗಲೂ ನಿಮಗೆ ಸಮಪಾಲು. ಪಹಣಿ ತೆಗೆಸಿ ನೋಡಿ. ಅಣ್ಣನ ಜೊತೆ ಜಗಳ ಬೇಡ, ‘ಈಗ ಮಕ್ಕಳ ವಿಷಯ ಮುಖ್ಯ ಅಣ್ಣ, ಆಸ್ತಿಯ ಮಾತು ಆಮೇಲೆ ಕೂತು ಆಡೋಣ’ ಎನ್ನಿ. ಅದಕ್ಕೆ ಒಪ್ಪಿ ಕರೆದರೆ ಹೋಗಿ. ಸಹಿಯೇ ಷರತ್ತು ಎಂದರೆ ಆ ಸೂರಿನ ಬೆಲೆ ನಿಮ್ಮ ಪಾಲಿನ ಜಮೀನು. ಮುಂದೆ ಒಂದು ದಿನ ಅತ್ತಿಗೆಗೂ ನಿಮಗೂ ಮಾತು ಬಂದು ಹೊರಡಬೇಕಾದರೆ ಕೈಯಲ್ಲಿ ಏನೂ ಇರುವುದಿಲ್ಲ.

ಆಶ್ರಯ ಕೇಂದ್ರಕ್ಕೆ ಹೋದರೆ ಮಕ್ಕಳನ್ನು ಕಿತ್ತುಕೊಳ್ಳುತ್ತಾರೆ ಎಂಬ ಮಾತು ತಪ್ಪು. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಮಗುವನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ಉಪಾಯ ಎಂದೇ ಬರೆದಿದೆ. ಬಡತನದ ಕಾರಣಕ್ಕೆ ತಾಯಿಯಿಂದ ಮಗುವನ್ನು ದೂರ ಮಾಡಲು ಬಾರದು. ಹಾಗಿದ್ದರೂ ಆ ಭಯದ ಒಳಗೆ ಒಂದು ನಿಜಾಂಶ ಇದೆ, ಅದು ನಿಮಗೆ ತಟ್ಟುತ್ತದೆ. ಸಖಿ ಒನ್ ಸ್ಟಾಪ್ ಸೆಂಟರಿನಲ್ಲಿ ದೌರ್ಜನ್ಯಕ್ಕೆ ಒಳಗಾದ ಮಹಿಳೆ ಹೆಣ್ಣುಮಕ್ಕಳು, ಚಿಕ್ಕ ಗಂಡುಮಕ್ಕಳ ಜೊತೆ ಉಳಿಯಬಹುದು, ಆದರೆ ಅದು ಕೆಲವು ದಿನಗಳ ತಂಗುದಾಣ. ಹೆಚ್ಚು ಕಾಲ ಉಳಿಯಲು ಶಕ್ತಿ ಸದನಗಳಿವೆ. ಹಿಂದೆ ಸ್ವಾಧಾರ ಗೃಹ ಎನ್ನುತ್ತಿದ್ದುದು ಇದೇ. ಅಲ್ಲಿ ಹೆಣ್ಣುಮಕ್ಕಳು ತಾಯಿಯ ಜೊತೆ ಇರಬಹುದು, ಗಂಡುಮಕ್ಕಳಾದರೆ ಹನ್ನೆರಡು ವರ್ಷದವರೆಗೆ ಮಾತ್ರ. ನಿಮ್ಮ ಮಗನಿಗೆ ಹದಿಮೂರು. ಅವನು ಬೇರೆ ವಿದ್ಯಾರ್ಥಿನಿಲಯಕ್ಕೋ ಮಕ್ಕಳ ಗೃಹಕ್ಕೋ ಹೋಗಬೇಕಾದೀತು. ಆ ವಯಸ್ಸಿನ ಹುಡುಗ ಅಪ್ಪ ಬಿಟ್ಟುಹೋದ ಮೇಲೆ ಅಮ್ಮನಿಂದಲೂ ಬೇರೆಯಾದರೆ ಅದು ಮನಸ್ಸಿಗೆ ಎಷ್ಟು ನಾಟುತ್ತದೆ ಎಂಬುದನ್ನು ನೋಡಿದ್ದೇನೆ. ಈ ಕಾರಣಕ್ಕೇ ನಿಮ್ಮ ವಿಷಯದಲ್ಲಿ ಆಶ್ರಯ ಕೇಂದ್ರ ಕೊನೆಯ ದಾರಿ. ಜೀವಕ್ಕೆ ಅಪಾಯ ಇದ್ದರೆ ಲೆಕ್ಕವೇ ಬೇರೆ. ಆಗ ಯಾವ ಹೊತ್ತಿನಲ್ಲಾದರೂ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.

ಆದರೆ ಸರ್ಕಾರದ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ನೀವು ಹೋಗಲೇಬೇಕಾದ ಒಂದು ಕಾರಣವಿದೆ. ಮಕ್ಕಳ ರಕ್ಷಣೆಗೆಂದು ಕೇಂದ್ರ ಸರ್ಕಾರ ನಡೆಸುವ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಲ್ಲಿ ವಿಧವೆಯರ, ವಿಚ್ಛೇದಿತೆಯರ, ಕುಟುಂಬ ಕೈಬಿಟ್ಟ ತಾಯಂದಿರ ಮಕ್ಕಳಿಗೆ ತಿಂಗಳಿಗೆ ತಲಾ 4,000 ರೂಪಾಯಿ ಕೊಡಲು ಅವಕಾಶವಿದೆ. ನಗರದಲ್ಲಿ ಕುಟುಂಬದ ವಾರ್ಷಿಕ ಆದಾಯ 96,000 ಮೀರಬಾರದು. ನಿಮ್ಮದು 90,000. ತಾಯಿಯ ಜೊತೆಯಲ್ಲೇ ಮಗು ಬೆಳೆಯಲಿ ಎಂಬುದೇ ಈ ಯೋಜನೆಯ ಉದ್ದೇಶ, ಆದರೂ ಅರ್ಹರಾದ ಎಷ್ಟೋ ತಾಯಂದಿರು ಇದರ ಹೆಸರನ್ನೇ ಕೇಳಿಲ್ಲ ಎಂಬುದು ನನಗೆ ಬಹಳ ನೋವಿನ ವಿಷಯ. ಸಮಿತಿಯ ಮುಂದೆ ಅರ್ಜಿ ಹೋಗಬೇಕು, ಅನುದಾನ ಇರಬೇಕು. ತಿಂಗಳುಗಳು ಹಿಡಿಯಬಹುದು, ಸಿಗದೆಯೂ ಹೋಗಬಹುದು. ಆದರೂ ಈ ವಾರವೇ ಆದಾಯ ಪ್ರಮಾಣಪತ್ರ ಮಾಡಿಸಿ ಅರ್ಜಿ ಹಾಕಿ. ನಿಮ್ಮ ಪತ್ರದಲ್ಲಿ ಗೃಹಲಕ್ಷ್ಮಿಯ ಹಣದ ಪ್ರಸ್ತಾಪವೂ ಇಲ್ಲ. ಪಡಿತರ ಚೀಟಿಯಲ್ಲಿ ಅತ್ತೆಯವರೇ ಮನೆಯ ಯಜಮಾನಿ ಎಂದಿದ್ದರೆ ಆ ಎರಡು ಸಾವಿರ ಅವರಿಗೆ ಹೋಗುತ್ತಿರುತ್ತದೆ. ಬೇರೆ ಚೀಟಿಗೆ ಆಹಾರ ಇಲಾಖೆಯಲ್ಲಿ ವಿಚಾರಿಸಿ.

ಸರ್ಕಾರಿ ಮನೆಗೆ ಇಪ್ಪತ್ತೈದು ಸಾವಿರ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅರ್ಜಿಯನ್ನು ನೀವೇ ನಗರ ಪಾಲಿಕೆಯಲ್ಲಿ ಹಾಕಬಹುದು. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ನಗರ ಯೋಜನೆಯ ಎರಡನೇ ಹಂತದಲ್ಲಿ ಒಂಟಿ ಮಹಿಳೆಯರಿಗೂ ವಿಧವೆಯರಿಗೂ ಆದ್ಯತೆ ಇದೆ. ಅರ್ಜಿ ಹಾಕಿ, ಸ್ವೀಕೃತಿ ಪಡೆಯಿರಿ, ಆಮೇಲೆ ಅದನ್ನು ಮರೆತು ಬಾಡಿಗೆ ಮನೆ ಹುಡುಕಿ. ಅದು ವರ್ಷಗಳ ಮಾತು. ಹಾಗೆಯೇ ಬಾಡಿಗೆ ಇಲ್ಲ ಎಂಬ ಆಸೆಗೆ ಬಿದ್ದು, ಸಂಘದಲ್ಲೋ ಮೈಕ್ರೋ ಫೈನಾನ್ಸಿನಲ್ಲೋ ಸಾಲ ಎತ್ತಿ ಭೋಗ್ಯಕ್ಕೆ ಮನೆ ಹಿಡಿಯಬೇಡಿ. ಬ್ಯಾಂಕಿಗೆ ಅಡವಿಟ್ಟ ಮನೆಯನ್ನು ಭೋಗ್ಯಕ್ಕೆ ಕೊಟ್ಟು, ಕೊನೆಗೆ ಹರಾಜಿನ ನೋಟಿಸ್ ಬಾಗಿಲಿಗೆ ಅಂಟಿದ ಪ್ರಕರಣಗಳು ನಮ್ಮ ಮುಂದೆ ಬರುತ್ತಲೇ ಇರುತ್ತವೆ. ಅಷ್ಟರಲ್ಲಿ ಕೊಟ್ಟ ಹಣ ಮಾಲೀಕರ ಕೈಯಿಂದ ಕರಗಿರುತ್ತದೆ.

ಹೊಸ ಮನೆ ಕೇಳುವಾಗ ‘ಯಜಮಾನರು ದುಬೈನಲ್ಲಿದ್ದಾರೆ’ ಎಂಬಂಥ ಸುಳ್ಳು ಹೇಳಬೇಡಿ. ಗೊತ್ತಾದ ದಿನ ಅದೇ ನೆಪವಾಗುತ್ತದೆ. ‘ನಾನು, ಇಬ್ಬರು ಮಕ್ಕಳು, ಇಂಥಲ್ಲಿ ಕೆಲಸ, ಬಾಡಿಗೆ ಇಷ್ಟನೇ ತಾರೀಖಿಗೆ ಕೊಡುತ್ತೇನೆ’ ಎಂದು ನೇರವಾಗಿ ಹೇಳಿ, ಕೆಲಸದ ಜಾಗದಿಂದ ಒಂದು ಪತ್ರ ತಂದು ತೋರಿಸಿ. ಬಾಡಿಗೆ ತಪ್ಪೀತು ಎಂಬುದು ಮಾಲೀಕರ ಒಂದು ಭಯ, ಗಂಡ ಬಂದು ಗಲಾಟೆ ಮಾಡಿಯಾನು ಎಂಬುದು ಇನ್ನೊಂದು. ಎರಡಕ್ಕೂ ಅವರು ಕೇಳುವ ಮೊದಲೇ ಉತ್ತರ ಹೇಳಿ. ದಲ್ಲಾಳಿಗಳಿಗಿಂತ ನರ್ಸಿಂಗ್ ಹೋಂನ ಸಹೋದ್ಯೋಗಿಗಳು, ಹಾಲಿನ ಬೂತಿನವರು, ಮಗಳ ಶಾಲೆಯ ಟೀಚರ್ ಇವರ ಮೂಲಕ ವಿಚಾರಿಸಿ. ಒಂಟಿಯಾಗಿರುವ ವಯಸ್ಸಾದ ಹೆಂಗಸರು ಮನೆಯ ಹಿಂಬದಿಯ ಎರಡು ಕೋಣೆಯನ್ನು ಮಕ್ಕಳಿರುವ ಹೆಣ್ಣುಮಗಳಿಗೆ ಕೊಡಲು ಇಷ್ಟಪಡುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಅವರಿಗೂ ರಾತ್ರಿ ಒಂದು ಕೂಗಿಗೆ ಓಗೊಡುವವರು ಬೇಕಿರುತ್ತದೆ. ಆಷಾಢದಲ್ಲಿ ನಮ್ಮ ಜನ ಮನೆ ಬದಲಿಸುವುದಿಲ್ಲ, ಆ ತಿಂಗಳು ಖಾಲಿ ಬಿದ್ದಿರುವ ಮನೆಗೆ ಅಡ್ವಾನ್ಸ್ ಚೌಕಾಸಿ ಮಾಡಲು ಒಳ್ಳೆಯ ಕಾಲ. ಊರಾಚೆಯ ಇಲವಾಲ, ಬೆಳವಾಡಿ ಕಡೆ ಬಾಡಿಗೆ ಕಡಿಮೆ ಸಿಕ್ಕರೂ ರಾತ್ರಿ ಪಾಳಿ ಮುಗಿಸಿ ಬರುವಾಗ ಬಸ್ ಇದೆಯೇ ಎಂದು ಮೊದಲು ನೋಡಿ. ಮತ್ತೆ, ಕರಾರು ನಿಮ್ಮ ಹೆಸರಿನಲ್ಲೇ ಆಗಲಿ, ಅಡ್ವಾನ್ಸ್ ನಿಮ್ಮ ಬ್ಯಾಂಕ್ ಖಾತೆಯಿಂದಲೇ ಹೋಗಲಿ. ಹಳೆಯ ಮನೆಯ ಗೃಹಜ್ಯೋತಿ ಜೋಡಣೆಯನ್ನು ರದ್ದು ಮಾಡಿಸಿ ಹೊಸ ಮನೆಯ ಮೀಟರಿಗೆ ಜೋಡಿಸುವುದನ್ನು ಮರೆಯಬೇಡಿ.

ಇಷ್ಟನ್ನೂ ಒಬ್ಬರೇ ಮಾಡಬೇಕಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮಹಿಳೆಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಹೋಗಲಾಗದಿದ್ದರೆ 15100ಕ್ಕೆ ಕರೆ ಮಾಡಿ. ಮಾಲೀಕರನ್ನೂ ನಿಮ್ಮನ್ನೂ ಕರೆಸಿ ರಾಜಿ ಮಾಡಿಸುವ ಕೆಲಸವನ್ನೂ ಅವರು ಮಾಡುತ್ತಾರೆ. ಲೆಕ್ಕದ ಹಾಳೆಯನ್ನು ಅಲ್ಲಿಯೇ ಬರೆಸಿದರೆ ಅದಕ್ಕೆ ಇನ್ನೂ ತೂಕ. ಹಳೆಯ ಕರಾರು ಪತ್ರ, ಬಾಡಿಗೆ ಕೊಟ್ಟ ಗುರುತುಗಳು, ಮಕ್ಕಳ ಜನನ ಪ್ರಮಾಣಪತ್ರ, ಮದುವೆಯ ಒಂದು ಫೋಟೊ ಅಥವಾ ಲಗ್ನಪತ್ರಿಕೆ, ಎಲ್ಲರ ಆಧಾರ್, ಪಡಿತರ ಚೀಟಿ, ಸಂಬಳದ ಚೀಟಿ ಇವುಗಳ ಜೆರಾಕ್ಸ್ ಎರಡು ಪ್ರತಿ ಮಾಡಿಸಿಕೊಳ್ಳಿ. ಮೂಲ ಕಾಗದಗಳನ್ನು ಮನೆಯಲ್ಲಿ ಬಿಡದೆ ಈ ಮೂರು ತಿಂಗಳು ನಂಬಿಕಸ್ಥರೊಬ್ಬರ ಬಳಿ ಇಟ್ಟಿರಿ. ಮಾಲೀಕರು ಹೇಳಿದ ಗಡುವು ಬರುವವರೆಗೆ ಕಾಯಬೇಡಿ, ಈ ವಾರದಲ್ಲೇ ಒಂದು ದಿನ ರಜೆ ಹಾಕಿ ಹೋಗಿ.